ಹಲ್ಲಾ, ನಾಣ್ಯಾನಾ?

ಡಾಕ್ಟರ ಪರಿಚಯವಾದದ್ದು ನನ್ನ ಕೆಳದವಡೆಯ ಎಡಬದಿಯ ಹಲ್ಲೊಂದರ ಕೃಪೆಯಿಂದ. ನಿದ್ದೆಗೆಟ್ಟು, ಕೆನ್ನೆಗೆ ಸೆರಗು ಒತ್ತಿಕೊಂಡು ಲಕ್ಷ್ಮೀಪುರಂನ ಅವರ ಕ್ಲಿನಿಕ್ಕಿಗೆ ಹೋಗಿದ್ದೆ. ಹಳೆಯ ಮನೆಯೊಂದರ ಮುಂದಿನ ಕೋಣೆ ಅದು. ಬಾಗಿಲಲ್ಲೇ ನನ್ನನ್ನು ಕನ್ನಡಕದ ಮೇಲಿಂದ ನೋಡಿ, "ಹಲ್ಲಾ, ನಾಣ್ಯಾನಾ?" ಎಂದು ಕೇಳಿದರು. ನೋವಿಗೆ ಕಿವಿಯೂ ಕೆಟ್ಟಿತೇನೋ ಅಂದುಕೊಂಡು ಹೊರಗೆ ಬಂದು ಬೋರ್ಡು ಓದಿದೆ. ದಂತ ಚಿಕಿತ್ಸಾಲಯ ಎಂದೇ ಇತ್ತು. ಮತ್ತೆ ಒಳಗೆ ಹೋಗಿ "ಹಲ್ಲು" ಎಂದೆ. ಅವರ ಮುಖದಲ್ಲಿ ಸಣ್ಣದೊಂದು ನಿರಾಸೆ ಹಾದುಹೋದದ್ದನ್ನು ಆ ನೋವಿನಲ್ಲೂ ಗಮನಿಸಿದೆ.

ಕುರ್ಚಿಯ ಮೇಲೆ ಒರಗಿಸಿ, ಬಾಯಿ ತೆರೆಸಿ, ಚುಚ್ಚುಮದ್ದು ಕೊಟ್ಟರು. ಅದು ಹಿಡಿಯುವವರೆಗೆ ಸುಮ್ಮನಿರುವುದೇಕೆ ಎಂದು ಬೆಂಚಿನ ಮೇಲಿದ್ದ ಹಿರಿಯರೊಬ್ಬರನ್ನು ಕರೆದರು. ಅವರು ಕರವಸ್ತ್ರದ ಗಂಟು ಬಿಚ್ಚಿ, ದೇವರ ಪ್ರಸಾದ ಕೊಡುವ ಹಾಗೆ ಒಂದು ನಾಣ್ಯ ಕೊಟ್ಟರು. ಅದರ ಎರಡು ಕಡೆಯೂ ಸಿಂಹವೇ ಇತ್ತಂತೆ. ಡಾಕ್ಟರು ಕೈಗವಸು ಬದಲಾಯಿಸಿದರು. ನಾಣ್ಯವನ್ನು ಕಲ್ಲಿನ ಕಟ್ಟೆಯ ಮೇಲೆ ಬೀಳಿಸಿ ಕಿವಿಗೊಟ್ಟರು. ಆಮೇಲೆ ಹಲ್ಲು ನೋಡುವ ಪುಟ್ಟ ಕನ್ನಡಿ ಮತ್ತು ಕೊಕ್ಕೆಯಂಥ ಸಲಾಕೆ ಹಿಡಿದು ಅದರ ಅಂಚಿನಗುಂಟ ಸುತ್ತಿ ಬಂದರು. ಕೊನೆಗೆ, "ನಕಲಿ. ಬಾಯಿ ಮುಕ್ಕಳಿಸಿ" ಎಂದರು. ಮೊದಲ ಮಾತು ಅವರಿಗೆ, ಎರಡನೆಯದು ನನಗೆ. ಆದರೆ ಆಘಾತದಲ್ಲಿದ್ದ ಆ ಹಿರಿಯರೂ ಎದ್ದುಹೋಗಿ ಮೂಲೆಯ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ ಬಂದರು.

ಹೋದ ಆಷಾಢದಲ್ಲಿ ಡಾಕ್ಟರು ತೀರಿಕೊಂಡರು. ಪತ್ರಿಕೆಯ ನಿಧನದ ಸುದ್ದಿಯಲ್ಲಿ ಹಿರಿಯ ದಂತವೈದ್ಯರು, ಸಜ್ಜನರು ಎಂದು ಮೂರು ಸಾಲು ಬಂತು. ನಾಣ್ಯದ ಮಾತೇ ಇಲ್ಲ. ಅವರು ಓದಿದ್ದರೆ ಸಂಪಾದಕರಿಗೆ ಫೋನು ಮಾಡುತ್ತಿದ್ದರು. ಆ ಕೊರತೆ ತುಂಬುವುದಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ.

ಹಲ್ಲಿನ ಚಿಕಿತ್ಸೆ ಮುಗಿಯುವ ಹೊತ್ತಿಗೆ ಗೊತ್ತಾಯಿತು, ಅವರ ಮನೆ ಬೋಗಾದಿಯಲ್ಲಿ ನಮ್ಮದೇ ಬಡಾವಣೆಯಲ್ಲಿ, ನಮ್ಮದೇ ರಸ್ತೆಯ ಎದುರು ಸಾಲಿನಲ್ಲಿ ಇದೆ ಎಂದು. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವಳು ಎಂದು ತಿಳಿದ ದಿನದಿಂದ ಅವರು ನನ್ನನ್ನು 'ಎಕನಾಮಿಕ್ಸ್ ಮೇಡಂ' ಎಂದೇ ಕರೆದರು. ದುಡ್ಡಿನ ಬಗ್ಗೆ ವರ್ಷವಿಡೀ ಪಾಠ ಮಾಡುವ ನಾನು ಒಂದು ರೂಪಾಯಿ ನಾಣ್ಯದ ಅಂಚಿನಲ್ಲಿ ಗೆರೆಗಳಿವೆಯೋ ಇಲ್ಲವೋ ನೋಡಿಲ್ಲ ಎಂಬುದು ಅವರಿಗೆ ಮುಗಿಯದ ತಮಾಷೆಯಾಗಿತ್ತು. ದಾರಿಯಲ್ಲಿ ಸಿಕ್ಕಿದಾಗಲೆಲ್ಲ ಪರ್ಸು ತೆಗೆಸುತ್ತಿದ್ದರು. ನಾನು ಬರಬರುತ್ತಾ ಚಿಲ್ಲರೆ ಇಟ್ಟುಕೊಳ್ಳುವುದನ್ನೇ ಬಿಟ್ಟೆ.

ಮೊದಲೆಲ್ಲ ನಾಣ್ಯ ಅವರ ಸ್ವಂತ ಹುಚ್ಚಾಗಿತ್ತು. ಮೊಬೈಲಿನಲ್ಲಿ ವಿಡಿಯೋಗಳು ಬರತೊಡಗಿದ ಮೇಲೆ ಊರಿನ ಹುಚ್ಚಾಯಿತು. ನಿಮ್ಮ ಮನೆಯ ಡಬ್ಬಿಯಲ್ಲಿ ಇಂಥ ನಾಣ್ಯವಿದೆಯೇ, ಹಾಗಾದರೆ ನೀವು ಲಕ್ಷಾಧಿಪತಿ ಎಂದು ಯಾರೋ ಕೂಗಿ ಹೇಳುವ ವಿಡಿಯೋಗಳು. ಅವನ್ನು ನೋಡಿದವರು ದೇವರ ಹುಂಡಿಯಿಂದ ಹಿಡಿದು ಮಗುವಿನ ಉಡಿದಾರದ ತಾಯತದವರೆಗೆ ಹುಡುಕಿ, ಸಿಕ್ಕಿದ್ದನ್ನು ಡಾಕ್ಟರ ಬಳಿ ತರುತ್ತಿದ್ದರು. ಬೆಂಚಿನ ಮೇಲೆ ಕೆನ್ನೆ ಊದಿದವರೂ ಕನಸು ಊದಿದವರೂ ಒಟ್ಟಿಗೆ ಕೂತಿರುತ್ತಿದ್ದರು. ನೋಡಿದ್ದಕ್ಕೆ ಅವರು ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಸುತ್ತಿಬಳಸಿ ಹೇಳುವ ಅಭ್ಯಾಸವೂ ಅವರಿಗಿರಲಿಲ್ಲ. ಹಲ್ಲು ಕೀಳುವ ಹಾಗೆ ಒಂದೇ ಏಟಿಗೆ ಹೇಳಿ ಮುಗಿಸುತ್ತಿದ್ದರು. ಹಲ್ಲಿಗಾದರೆ ಚುಚ್ಚುಮದ್ದು ಕೊಡುತ್ತಿದ್ದರು. ಇದಕ್ಕೆ ಅದೂ ಇಲ್ಲ.

ಎರಡು ಸಿಂಹದ ನಾಣ್ಯವೇ ಹೆಚ್ಚು ಬರುತ್ತಿತ್ತು. ಅದರ ಗುಟ್ಟನ್ನು ಅವರು ವಿವರಿಸಿದ್ದು ನನ್ನ ಹಲ್ಲಿಗೆ ಕ್ಯಾಪು ಹಾಕುವಾಗ. ಒಂದು ನಾಣ್ಯದ ಅಂಕಿಯ ಕಡೆಯನ್ನು, ಸುತ್ತಿನ ಅಂಚು ಉಳಿಸಿಕೊಂಡು, ಬಟ್ಟಲಿನ ಹಾಗೆ ಕೊರೆಯುತ್ತಾರೆ. ಇನ್ನೊಂದು ನಾಣ್ಯದ ಅಂಚನ್ನು ಅರೆದು, ಬೆನ್ನನ್ನು ತೆಳ್ಳಗೆ ಮಾಡಿ, ಸಿಂಹ ಮೇಲೆ ಬರುವಂತೆ ಆ ಬಟ್ಟಲೊಳಗೆ ಕೂರಿಸುತ್ತಾರೆ. ಸೇರಿದ ಗೆರೆ ಅಂಚಿನ ಒಳಮಗ್ಗುಲಲ್ಲಿ ಅಡಗಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಸಲಾಕೆಯ ಮೊನೆಗೆ ತಡೆಯುತ್ತದೆ, ಹಲ್ಲಿಗೂ ಕ್ಯಾಪಿಗೂ ನಡುವಿನ ಸಂದು ತಡೆದ ಹಾಗೆ. ಇಡಿಯಾದ ನಾಣ್ಯ ಕಲ್ಲಿನ ಮೇಲೆ ಬಿದ್ದರೆ ಟಿಣ್ಣೆಂದು ಹಾಡುತ್ತದೆ. ಎರಡು ಸೇರಿಸಿ ಮಾಡಿದ್ದು ಟಪ್ಪೆನ್ನುತ್ತದೆ. ಮಾತು ಮುಗಿಸಿ ಅವರು ಅದೇ ಸಲಾಕೆಯಿಂದ ನನ್ನ ಹೊಸ ಕ್ಯಾಪನ್ನು ಮೆಲ್ಲಗೆ ತಟ್ಟಿ, ಸದ್ದು ಕೇಳಿ, ತೃಪ್ತಿಯಿಂದ ತಲೆಯಾಡಿಸಿದರು. ಅದೇ ಸಲಾಕೆ ಎಂದದ್ದು ತಪ್ಪು. ನಾಣ್ಯಕ್ಕೆ ಬೇರೆ ಸಲಾಕೆ, ಬೇರೆ ಕನ್ನಡಿ ಇದ್ದವು, ಹಿಡಿಗೆ ಕೆಂಪು ದಾರ ಸುತ್ತಿದಂಥವು. ಮನುಷ್ಯನ ಬಾಯಿಗಿಂತ ಕೊಳಕಾದದ್ದು ಲೋಕದಲ್ಲಿ ನಾಣ್ಯ ಒಂದೇ ಎನ್ನುತ್ತಿದ್ದರು.

ಉದಯಗಿರಿಯಿಂದ ಒಬ್ಬ ಮೆಕ್ಯಾನಿಕ್ಕು ಇಂಥದೇ ನಾಣ್ಯ ತಂದಿದ್ದರಂತೆ. ಡಾಕ್ಟರು ಬಹಳ ಹೊತ್ತು ಸುತ್ತಿಸುತ್ತಿ ನೋಡಿ, ಕೆಲಸ ಸೊಗಸಾಗಿದೆ, ಆದರೆ ಇಲ್ಲಿ ಕೂದಲಿನಷ್ಟು ಸಂದಿದೆ ಎಂದು ತೋರಿಸಿದರು. ಆ ಮನುಷ್ಯ ಬೇಸರಪಡುವ ಬದಲು ಬಗ್ಗಿ ನೋಡಿ, ಥ್ಯಾಂಕ್ಸ್ ಹೇಳಿ ಹೋದರು. ಮುಂದಿನ ವಾರ ಇನ್ನೊಂದು ನಾಣ್ಯ ತಂದರು. ಅದರಲ್ಲೂ ಸಂದು ಸಿಕ್ಕಿತು, ಕೊಂಚ ಕಷ್ಟಪಟ್ಟು. ಮತ್ತೊಂದು ಬಂದಾಗ ಡಾಕ್ಟರಿಗೆ ಅನುಮಾನ ಹತ್ತಿತು. ಕೇಳಿದರೆ, ಎಲ್ಲ ತನ್ನದೇ ಕೈಕೆಲಸ, ಮೋಸಕ್ಕಲ್ಲ, ನಿಮ್ಮ ಕೈಯಲ್ಲಿ ಪಾಸಾಗಬೇಕು ಅಂತ ಹಟ ಎಂದರಂತೆ. "ನಾನೇ ಟ್ಯೂಷನ್ ಕೊಡ್ತಿದ್ದೆ ಕಣ್ರೀ, ಅದೂ ಫೀಸಿಲ್ಲದೆ" ಎಂದು ಡಾಕ್ಟರು ನಮ್ಮ ಗೇಟಿನ ಮುಂದೆ ನಿಂತು ನಕ್ಕೂ ನಕ್ಕೂ ಹೇಳಿದರು. ಅಲ್ಲಿಂದಾಚೆಗೆ ಯಾರಿಗೂ ಸಂದು ಎಲ್ಲಿದೆ ಎಂದು ತೋರಿಸುವುದನ್ನು ನಿಲ್ಲಿಸಿದರು.

ಹಾಗೆಂದು ನಾಣ್ಯ ಅಚ್ಚುಹಾಕುವ ಟಂಕಸಾಲೆ ತಪ್ಪೇ ಮಾಡುವುದಿಲ್ಲ ಎಂದು ಅವರು ಹೇಳುತ್ತಿರಲಿಲ್ಲ. ಅಂಥ ತಪ್ಪಿಗಾಗಿಯೇ ಜೀವ ಬಿಡುತ್ತಿದ್ದರು. ಸಿಟಿ ಬಸ್ಸಿನ ಕಂಡಕ್ಟರು ಕೊಟ್ಟ ಚಿಲ್ಲರೆಯಲ್ಲಿ ಒಂದು ನಿಜವಾದ ತಪ್ಪು ನಾಣ್ಯ ಅವರಿಗೆ ಸಿಕ್ಕಿತ್ತು. ಅದರ ಒಂದು ಕಡೆ ಸಿಂಹ ಸರಿಯಾಗಿ ಉಬ್ಬಿತ್ತು. ಇನ್ನೊಂದು ಕಡೆಯೂ ಸಿಂಹವೇ, ಆದರೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ, ಒಳಗೆ ಇಳಿದಿತ್ತು, ಅಕ್ಷರಗಳೂ ಉಲ್ಟಾ. ಮೊದಲು ಒತ್ತಿದ ನಾಣ್ಯ ಅಚ್ಚಿಗೇ ಕಚ್ಚಿಕೊಂಡು ಉಳಿದು, ಅದರ ಮೇಲೆ ಮುಂದಿನ ಬಿಲ್ಲೆ ಬಿದ್ದು ಒತ್ತಿಸಿಕೊಂಡರೆ ಹೀಗಾಗುತ್ತದಂತೆ. ಹಲ್ಲಿನ ಸೆಟ್ಟಿಗೆ ಅಳತೆ ತೆಗೆಯುವಾಗ ಮೆತ್ತನೆಯ ಮುದ್ದೆಯಲ್ಲಿ ಹಲ್ಲು ಕಚ್ಚಿಸಿ ಗುಳಿ ಮೂಡಿಸುವುದಿಲ್ಲವೇ, ಹಾಗೆ. ಆ ತಪ್ಪು ನಾಣ್ಯವನ್ನು ಹತ್ತಿ ಹಾಸಿದ ಪೆಟ್ಟಿಗೆಯಲ್ಲಿಟ್ಟು, ಹಲ್ಲು ಕೀಳಿಸಿಕೊಳ್ಳಲು ಬಂದ ಮಕ್ಕಳಿಗೆ ಚಾಕೊಲೇಟಿನ ಬದಲು ತೋರಿಸುತ್ತಿದ್ದರು. ಮಕ್ಕಳು ಇನ್ನೂ ಜೋರಾಗಿ ಅಳುತ್ತಿದ್ದವು.

ಆ ನಾಣ್ಯಕ್ಕೆ ಬೆಲೆ ಯಾಕೆ, ಅಷ್ಟು ಕಷ್ಟಪಟ್ಟು ಮಾಡಿದ ಜೋಡಿಸಿಂಹಕ್ಕೆ ಯಾಕಿಲ್ಲ ಎಂದು ನಾನೊಮ್ಮೆ ಕೇಳಿದೆ. ಅವರು ಹೇಳಿದ್ದು ನೆನಪಿದೆ: "ಅದು ಪೆದ್ದುತನದಿಂದ ಆದದ್ದು, ಇದು ಜಾಣತನದಿಂದ. ಜಾಣತನ ಎಲ್ಲ ಬೀದೀಲೂ ಸಿಗುತ್ತೆ ಮೇಡಂ." ಈ ಮಾತನ್ನು ನಾನು ತರಗತಿಯಲ್ಲಿ ಪೂರೈಕೆ ಮತ್ತು ಬೇಡಿಕೆಯ ಪಾಠಕ್ಕೆ ಬಳಸಿದ್ದೇನೆ, ಅವರ ಹೆಸರು ಹೇಳದೆ.

ಅವರ ಹೆಂಡತಿಯ ಪರಿಚಯ ಮಾಡಿಸದೆ ಅವರ ಕತೆ ಮುಂದೆ ಹೋಗುವುದಿಲ್ಲ. ಆಕೆ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಬಡಾವಣೆಗೆಲ್ಲ ಹೆಡ್‌ಮಿಸ್ಸು. ಡಾಕ್ಟರು ಮೃದು ಮಾತಿನವರು, ಆದರೆ ಒಂದೇ ಮಾತಿನವರು. ಹೆಡ್‌ಮಿಸ್ಸಿನ ಮಾತು ರಸ್ತೆಯ ಆ ತುದಿಗೆ ಕೇಳುತ್ತಿತ್ತು. ನಮ್ಮ ಬಡಾವಣೆಗೆ ಬೀದಿದೀಪ ಬಂದದ್ದು, ಚರಂಡಿಗೆ ಚಪ್ಪಡಿ ಬಿದ್ದದ್ದು ಎಲ್ಲ ಆಕೆ ಕಚೇರಿಗಳ ಮುಂದೆ ಹೋಗಿ ಕೂತದ್ದರಿಂದ. ಗಂಡನ ನಾಣ್ಯಗಳನ್ನು ಆಕೆ ಚಿಲ್ಲರೆ ಎಂದೇ ಕರೆಯುತ್ತಿದ್ದರು. ಊಟದ ಮೇಜಿನ ಮೇಲೆ ಅವು ಕಂಡರೆ ಸಾರಿನ ಪಾತ್ರೆ ಅಡುಗೆಮನೆಯಿಂದ ಆಚೆಗೆ ಬರುತ್ತಿರಲಿಲ್ಲ.

ಬಡಾವಣೆಯ ಸಂಘಕ್ಕೆ ಅಧ್ಯಕ್ಷರ ಚುನಾವಣೆ ಬಂತು. ಒಂದು ಕಡೆ ಹೆಡ್‌ಮಿಸ್ಸು, ಇನ್ನೊಂದು ಕಡೆ ಗುತ್ತಿಗೆದಾರ ಪುಟ್ಟಸ್ವಾಮಿ. ಜಗಳವಿದ್ದದ್ದು ಪಾರ್ಕಿನ ಮೇಲೆ. ಪಾರ್ಕಿನ ಅರ್ಧ ಜಾಗದಲ್ಲಿ ಸಮುದಾಯ ಭವನ ಕಟ್ಟಬೇಕು ಎಂದು ಪುಟ್ಟಸ್ವಾಮಿ. ಒಂದು ಮರದ ಕೊಂಬೆಯನ್ನೂ ಮುಟ್ಟಕೂಡದು ಎಂದು ಹೆಡ್‌ಮಿಸ್ಸು. ಪುಟ್ಟಸ್ವಾಮಿ ಕೆಟ್ಟ ಮನುಷ್ಯರೇನಲ್ಲ. ಬೋಗಾದಿ ಹಳ್ಳಿಯಾಗಿದ್ದಾಗ ಈ ಜಾಗ ಅವರ ತಂದೆ ಉತ್ತ ಹೊಲ. ಈಗ ತಮ್ಮವರ ಮನೆಯ ಒಂದು ನಾಮಕರಣ ಮಾಡಬೇಕೆಂದರೂ ದೂರದ ಛತ್ರ ಹುಡುಕಬೇಕು ಎಂಬುದು ಅವರ ಸಂಕಟ. ಎರಡು ಕಡೆಯೂ ನ್ಯಾಯವಿತ್ತು. ಅದಕ್ಕೇ ಮತಗಳೂ ಸರಿಸಮ ಬಿದ್ದವು. ಮತ್ತೆ ಎಣಿಸಿದರೂ ಅಷ್ಟೇ.

ಭಾನುವಾರ ಬೆಳಿಗ್ಗೆ, ಪಾರ್ಕಿನಲ್ಲೇ ಶಾಮಿಯಾನ ಹಾಕಿ ನಡೆಯುತ್ತಿದ್ದ ಸಭೆ. ನಾನು ಹಿಂದಿನ ಸಾಲಿನಲ್ಲಿ ಡಾಕ್ಟರ ಪಕ್ಕ ಕೂತಿದ್ದೆ. ಇಬ್ಬರ ಕೈಯಲ್ಲೂ ಉಪ್ಪಿಟ್ಟಿನ ತಟ್ಟೆ. ಸಂಘದ ಕಾರ್ಯದರ್ಶಿ ನಾಗರಾಜ ಎದ್ದು, ಸಮ ಬಂದರೆ ನಾಣ್ಯ ಚಿಮ್ಮಿ ತೀರ್ಮಾನ ಮಾಡುವುದೇ ನಿಯಮ ಎಂದರು. ನಾಗರಾಜ ಹೆಡ್‌ಮಿಸ್ಸಿನ ಭಕ್ತ. ಭಕ್ತಿಗೆ ಕಾರಣವೂ ಇತ್ತು. ಅವರ ಮನೆಯ ಮಲಗುವ ಕೋಣೆಯ ಕಿಟಕಿ ಪಾರ್ಕಿಗೇ ತೆರೆಯುತ್ತದೆ. ಅಲ್ಲಿ ಭವನ ಬಂದರೆ ಪ್ರತಿ ಮದುವೆಯ ಓಲಗವೂ ಅವರ ಹಾಸಿಗೆಯ ಮೇಲೇ ನಡೆದಂತೆ.

ಯಾರ ಹತ್ತಿರ ನಾಣ್ಯವಿದೆ ಎಂದು ಕೇಳುವ ಮೊದಲೇ ನಾಗರಾಜ ಅಂಗಿಯ ಜೇಬಿನಿಂದ ಒಂದನ್ನು ತೆಗೆದರು. ಹೆಡ್ ಬಿದ್ದರೆ ಹೆಡ್‌ಮಿಸ್ಸು, ಟೇಲ್ ಬಿದ್ದರೆ ಪುಟ್ಟಸ್ವಾಮಿ ಎಂದು ಘೋಷಿಸಿದರು. ನೆನಪಿಡುವುದಕ್ಕೆ ಸುಲಭ ಎಂದು ಎಲ್ಲರೂ ಒಪ್ಪಿದರು. ನಾಣ್ಯ ಶಾಮಿಯಾನದ ಬಟ್ಟೆ ಮುಟ್ಟುವಷ್ಟು ಮೇಲೆ ಹೋಗಿ, ಮುಂದಿದ್ದ ಕಲ್ಲುಬೆಂಚಿನ ಮೇಲೆ ಬಿತ್ತು. ಸಿಂಹ. ಚಪ್ಪಾಳೆ ಬಿತ್ತು. ನಾಗರಾಜ ಒಂದು ಕೈಯಲ್ಲಿ ನಾಣ್ಯವನ್ನು ಜೇಬಿಗೆ ಸೇರಿಸಿ, ಇನ್ನೊಂದು ಕೈಯಲ್ಲಿ ಕವರಿನಿಂದ ಹಾರ ತೆಗೆದು ಹೆಡ್‌ಮಿಸ್ಸಿನ ಕೊರಳಿಗೆ ಹಾಕಿದರು. ಒಂದೇ ಹಾರ ತಂದಿದ್ದರು ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ನನ್ನ ಪಕ್ಕದಲ್ಲಿ ಡಾಕ್ಟರ ಚಮಚ ಬಾಯಿಯ ಹತ್ತಿರ ನಿಂತಿತ್ತು. ಅದನ್ನು ತಟ್ಟೆಯಲ್ಲಿಟ್ಟರು. ಒಂದು ಗಳಿಗೆ ವೇದಿಕೆಯ ಕಡೆ ನೋಡುತ್ತ ಕೂತರು. ಆಮೇಲೆ ಎದ್ದು, ತಟ್ಟೆ ಹಿಡಿದುಕೊಂಡೇ ಮುಂದೆ ನಡೆದರು.

"ಆ ನಾಣ್ಯ ಸ್ವಲ್ಪ ಕೊಡಿ" ಎಂದರು.

ನಾಗರಾಜ ನಗುನಗುತ್ತಾ, ಗೆದ್ದಿರುವುದು ನಿಮ್ಮ ಮನೆಯವರೇ, ನಿಮಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದರು.

"ಸರಿಯಾಗೇ ಕೇಳಿಸ್ತು. ಅದಕ್ಕೇ ಕೇಳ್ತಿರೋದು."

ಜೇಬಿನಿಂದ ನಾಣ್ಯ ಬರುವುದಕ್ಕೆ ಬಹಳ ಹೊತ್ತು ಹಿಡಿಯಿತು. ಮೊದಲು ಕರವಸ್ತ್ರ ಬಂತು, ಆಮೇಲೆ ಸ್ಕೂಟರಿನ ಕೀ ಬಂತು. ಕೊನೆಗೆ ನಾಣ್ಯವೂ ಬಂತು. ಡಾಕ್ಟರು ಅದನ್ನು ತಿರುಗಿಸಿ ಪುಟ್ಟಸ್ವಾಮಿಗೆ ತೋರಿಸಿದರು. ಈ ಕಡೆ ಸಿಂಹ, ಆ ಕಡೆಯೂ ಸಿಂಹ.

ಸಭೆ ಎದ್ದು ನಿಂತಿತು. ಹೆಡ್‌ಮಿಸ್ಸು ಹಾರ ಹಾಕಿಕೊಂಡು ನಿಂತಲ್ಲೇ ನಿಂತಿದ್ದರು. ನಾಗರಾಜ ಮಾತ್ರ ಬಗ್ಗಲಿಲ್ಲ. ಇದು ತರಕಾರಿಯವರು ಕೊಟ್ಟ ಚಿಲ್ಲರೆ, ನಾನು ತಿರುಗಿಸಿ ನೋಡಿಯೇ ಇಲ್ಲ ಎಂದರು. ಟಂಕಸಾಲೆಯಲ್ಲಿ ತಪ್ಪಾಗಿ ಹೀಗೆ ಆಗುವುದುಂಟು, ವಿಡಿಯೋದಲ್ಲೂ ತೋರಿಸಿದ್ದಾರೆ. ತಪ್ಪಾದರೂ ಅದು ಸರ್ಕಾರದ ನಾಣ್ಯ, ಸರ್ಕಾರದ ನಾಣ್ಯ ಚಿಮ್ಮಿದ ಮೇಲೆ ಫಲಿತಾಂಶ ಊರ್ಜಿತ ಎಂದು ವಾದಿಸಿದರು. ವಿಚಿತ್ರವೆಂದರೆ ಸಭೆಯ ಅರ್ಧ ಜನ ಈ ಮಾತಿಗೆ ವಾಲಿದರು. ಇನ್ನರ್ಧ ಜನ ಚುನಾವಣೆಯನ್ನೇ ಮರೆತರು. ಅದರ ಬೆಲೆ ಎಷ್ಟಾಗಬಹುದು, ಅದು ನಾಗರಾಜರದೋ ಸಂಘದ್ದೋ ಎಂದು ಚರ್ಚೆ ಹತ್ತಿತು. ಅದನ್ನು ಕೈಯಲ್ಲಿ ಮುಟ್ಟಬೇಡಿ, ಗೀರು ಬಿದ್ದರೆ ರೇಟು ಇಳಿಯುತ್ತದೆ ಎಂದು ಯಾರೋ ಡಾಕ್ಟರಿಗೇ ಬುದ್ಧಿ ಹೇಳಿದರು.

ಡಾಕ್ಟರು ಉಪ್ಪಿಟ್ಟಿನ ತಟ್ಟೆಯನ್ನು ಕಲ್ಲುಬೆಂಚಿನ ಮೇಲಿಟ್ಟರು. ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಜೇಬಿನಿಂದ ಕೆಂಪು ದಾರ ಸುತ್ತಿದ ಕನ್ನಡಿ, ಸಲಾಕೆ ತೆಗೆದರು. ತೀರ ಸಾವಧಾನವಾಗಿ, ಕ್ಲಿನಿಕ್ಕಿನಲ್ಲಿ ಮಾತಾಡುವ ದನಿಯಲ್ಲೇ ವಿವರಿಸಿದರು. ನಾಣ್ಯ ಒತ್ತುವ ಯಂತ್ರದಲ್ಲಿ ಮೇಲಿನ ಅಚ್ಚಿನ ಬುಡ ಒಂದು ಥರ, ಕೆಳಗಿನ ಅಚ್ಚಿನ ಬುಡ ಇನ್ನೊಂದು ಥರ ಇರುತ್ತದೆ. ಸಿಂಹದ ಅಚ್ಚನ್ನೇ ಎರಡು ಕಡೆಯೂ ಹಾಕಲು ಹೋದರೆ ಅದು ಕೂರುವುದಿಲ್ಲ ಎಂದರು. ಇಷ್ಟಕ್ಕೂ ಅನುಮಾನವಿದ್ದರೆ, ಕೃತಕ ಹಲ್ಲಿನ ಸೆಟ್ಟು ಇರುವವರು ಮೇಲ್ದವಡೆಯದನ್ನು ಕೆಳದವಡೆಗೆ ಹಾಕಿಕೊಂಡು ನೋಡಬಹುದು ಎಂದರು. ಮುಂದಿನ ಸಾಲಿನ ಹಿರಿಯರೊಬ್ಬರು ಬಾಯಿಗೆ ಕೈ ಹಾಕಿಯೇಬಿಟ್ಟರು, ಪಕ್ಕದವರು ತಡೆದರು.

"ಆಗೋದೇ ಇಲ್ಲ ಅಂತ ನಾನು ಹೇಳಲ್ಲ. ಆದ್ರೆ ಅಂಥದ್ದು ನಾಗರಾಜ್ ಅವರ ಜೇಬಿಗೆ ಬರೋ ಹೊತ್ತಿಗೆ ನನ್ನ ತಲೇಲಿ ಕೂದಲು ಬಂದಿರುತ್ತೆ" ಎಂದು ಸಲಾಕೆಯ ಮೊನೆಯನ್ನು ಅಂಚಿನ ಒಳಮಗ್ಗುಲಿಗೆ ಇಟ್ಟು ಸುತ್ತಿಸಿದರು. ಒಂದು ಕಡೆ ಮೊನೆ ತಡೆಯಿತು. ಅಗ್ಗದ ಕೆಲಸ ಎಂದು ಗೊಣಗಿಕೊಂಡು, ಅಲ್ಲೇ ಊರಿ ಮೆಲ್ಲಗೆ ಮೀಟಿದರು. ಒಳಗಿನ ಬಿಲ್ಲೆ ಟಪ್ಪನೆ ಬಿಟ್ಟುಕೊಂಡಿತು. ಒಂದು ಸಿಂಹ ಅವರ ಕೈಯಲ್ಲಿ ಉಳಿಯಿತು, ಇನ್ನೊಂದು ಸಿಂಹ ಉಪ್ಪಿಟ್ಟಿನ ಮೇಲೆ ಬಿತ್ತು.

ಆಮೇಲೆ ವಾದವಿರಲಿಲ್ಲ. ಮಾರ್ಕೆಟ್ಟಿನ ಹತ್ತಿರ ಮ್ಯಾಜಿಕ್ ಸಾಮಾನು ಮಾರುವವರಿಂದ ಕೊಂಡದ್ದು ಎಂದು ನಾಗರಾಜ ಕೊನೆಗೆ ಒಪ್ಪಿಕೊಂಡು, ನೀರು ಕುಡಿಯಲು ಹೋದವರು ಮತ್ತೆ ಶಾಮಿಯಾನದೊಳಗೆ ಬರಲಿಲ್ಲ. ಹೊಸದಾಗಿ ನಾಣ್ಯ ಚಿಮ್ಮಬೇಕು ಎಂದಾಯಿತು. ಯಾರ ನಾಣ್ಯ ಎಂಬ ಪ್ರಶ್ನೆ ಬಂದಾಗ ಪುಟ್ಟಸ್ವಾಮಿ ಕೂತಲ್ಲಿಂದಲೇ ಹೇಳಿದರು.

"ಡಾಕ್ಟ್ರು ಅವರ ಜೇಬಿಂದೇ ತಗೀಲಿ ಬುಡಿ. ಎಂಡ್ತಿ ಗೆದ್ದಿದ್ನೇ ಬೇಡ ಅಂದೋರು, ನಂಗೆ ಎಂಗೆ ಮೋಸ ಮಾಡ್ತಾರೆ?"

ಡಾಕ್ಟರು ಒಂದು ನಾಣ್ಯ ತೆಗೆದು, ಎರಡು ಕಡೆಯನ್ನೂ ಎಲ್ಲರಿಗೂ ತೋರಿಸಿ, ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳಿಸಿ, ಚಿಮ್ಮಿದರು. ಅಂಕಿ ಬಿತ್ತು. ಹೆಡ್‌ಮಿಸ್ಸು ಕೊರಳಿನ ಹಾರವನ್ನು ತಾವೇ ತೆಗೆದು, ಪುಟ್ಟಸ್ವಾಮಿಯವರ ಕೈಗೆ ಕೊಟ್ಟು, ಯಾರ ಮುಖವನ್ನೂ ನೋಡದೆ ಹೊರಟರು. ಡಾಕ್ಟರು ಹತ್ತು ಮಾರು ಹಿಂದೆ ನಡೆದರು. ಆಕೆ ನಿಂತರೆ ಇವರೂ ನಿಲ್ಲುತ್ತಿದ್ದರು.

ಅವರ ಮನೆಯಲ್ಲಿ ಮಾತು ನಿಂತುಹೋಯಿತು. ಹೇಳಬೇಕಾದದ್ದನ್ನೆಲ್ಲ ಹೆಡ್‌ಮಿಸ್ಸು ನನಗೆ ಫೋನು ಮಾಡಿ ಹೇಳುತ್ತಿದ್ದರು. ಗ್ಯಾಸು ಮುಗಿದಿದೆ ಎಂದು ದಂತವೈದ್ಯರಿಗೆ ತಿಳಿಸಬೇಕಂತೆ. ದಂತವೈದ್ಯರು ಆಗ ಅದೇ ಮನೆಯ ಹಜಾರದಲ್ಲಿ ಪೇಪರು ಓದುತ್ತ ಕೂತಿರುತ್ತಿದ್ದರು. ಊಟಕ್ಕೆ ಕೊರತೆ ಮಾಡಲಿಲ್ಲ. ಮರುದಿನವೇ ಕ್ಲಿನಿಕ್ಕಿಗೆ ಎಂದಿನಂತೆ ಎರಡು ಬಟ್ಟಲಿನ ಕ್ಯಾರಿಯರು ಹೋಯಿತು. ಮೇಲಿನ ಬಟ್ಟಲು ತೆರೆದರೆ ಉಪ್ಪಿಟ್ಟು. ಪಲ್ಯವಿರಬಹುದೆಂದು ಕೆಳಗಿನದು ತೆರೆದರೆ ಅಲ್ಲೂ ಉಪ್ಪಿಟ್ಟು. "ನೋಡಿ, ಎರಡೂ ಕಡೆ ಒಂದೇ" ಎಂದು ಡಾಕ್ಟರು ನನಗೆ ಹೇಳುವಾಗ ದನಿಯಲ್ಲಿ ಹೆಂಡತಿಯ ಬಗ್ಗೆ ಹೆಮ್ಮೆಯಲ್ಲದೆ ಬೇರೇನೂ ಇರಲಿಲ್ಲ. ಆ ಹೆಮ್ಮೆಯಲ್ಲೇ ವಾರಗಟ್ಟಲೆ ಉಪ್ಪಿಟ್ಟು ತಿಂದರು.

ಪಾರ್ಕಿನಲ್ಲಿ ಅಳತೆಯ ದಾರ ಹಿಡಿದವರು ಕಾಣಿಸಿಕೊಂಡರು. ಮರಗಳಿಗೆ ಸುಣ್ಣದ ಗುರುತು ಬಿತ್ತು. ಬೆಳಗಿನ ಹೊತ್ತು ಅಲ್ಲಿ ನಡೆಯುವವರು ಡಾಕ್ಟರನ್ನು ಕಂಡರೆ ದಾರಿ ಬದಲಿಸತೊಡಗಿದರು. ಒಬ್ಬರಂತೂ, ನಿಮ್ಮ ಸತ್ಯದ ನೆರಳಲ್ಲಿ ಇನ್ನು ಮೇಲೆ ಕೂತುಕೊಳ್ಳುತ್ತೇವೆ, ಮರದ ನೆರಳು ಹೇಗೂ ಇರುವುದಿಲ್ಲ ಎಂದು ಮುಖಕ್ಕೇ ಹೇಳಿದರು. ಆ ದಿನಗಳಲ್ಲಿ ಕ್ಲಿನಿಕ್ಕಿನಲ್ಲಿ ಡಾಕ್ಟರು ನಾಣ್ಯ ತಂದವರ ಜೊತೆಗೂ ಹೆಚ್ಚು ಮಾತಾಡುತ್ತಿರಲಿಲ್ಲ. ಅವರಿಗೆ ನೋವಾಗಿದೆ ಎಂದು ನನಗೆ ಗೊತ್ತಾದದ್ದು, ನನ್ನ ಪರ್ಸು ತೆಗೆಸುವುದನ್ನು ಮರೆತಾಗ.

ಅಂಥದ್ದರಲ್ಲಿ ಪುಟ್ಟಸ್ವಾಮಿಗೆ ಹಲ್ಲುನೋವು ಬಂತು. ನಾನು ಬೆಂಚಿನ ಮೇಲೆ ನನ್ನ ಸರದಿಗೆ ಕಾಯುತ್ತಿದ್ದೆ. ಅಧ್ಯಕ್ಷರು ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎಂದು ನೋಡುತ್ತಿದ್ದರು. ಡಾಕ್ಟರು, "ಹಲ್ಲಾ, ನಾಣ್ಯಾನಾ?" ಎಂದು ಎಂದಿನಂತೆಯೇ ಕೇಳಿ, ಕರೆದು ಕೂರಿಸಿ, ಚುಚ್ಚುಮದ್ದು ಕೊಟ್ಟು, ಕೆನ್ನೆಯೊಳಗೆ ಹತ್ತಿ ತುರುಕಿ ಕೆಲಸ ಶುರುಮಾಡಿದರು. ಆ ಹೊತ್ತಿಗೆ ಹೆಡ್‌ಮಿಸ್ಸು ಒಳಗೆ ಬಂದರು. ಕ್ಯಾರಿಯರು ಕೊಡಲು ಬಂದವರು. ಕುರ್ಚಿಯಲ್ಲಿ ಯಾರಿದ್ದಾರೆಂದು ನೋಡಿದರು. ವಾರಗಳಾದ ಮೇಲೆ ಗಂಡನ ಜೊತೆ ಮೊದಲ ಮಾತಾಡಿದರು.

"ನಾನು ಹೇಳೋವರೆಗೂ ಅವರ ಬಾಯಿ ಮುಚ್ಚೋಕೆ ಬಿಡಬೇಡಿ."

ಕೈಚೀಲದಿಂದ ಬಡಾವಣೆಯ ನಕ್ಷೆ ತೆಗೆದು, ಹಲ್ಲಿನ ದೀಪದ ಕೆಳಗೆ ಹಿಡಿದು, ಪಾಠ ಶುರುಮಾಡಿದರು. ಭವನ ಬೇಕು ಎನ್ನುವುದನ್ನು ನಾನು ಒಪ್ಪುತ್ತೇನೆ ಎಂದು ಮೊದಲು ಹೇಳಿದರು. ಆದರೆ ನೀರಿನ ಟ್ಯಾಂಕಿನ ಪಕ್ಕ ಸಾರ್ವಜನಿಕ ಕೆಲಸಕ್ಕೆಂದೇ ಬಿಟ್ಟ ಜಾಗ ಖಾಲಿ ಬಿದ್ದಿದೆ, ಅಲ್ಲೇಕೆ ಕಟ್ಟಬಾರದು ಎಂದು ಕೇಳಿದರು. ಪಾರ್ಕಿನ ಮೂಲೆಯ ಹುಣಸೆಮರ ನಿಮ್ಮ ತಂದೆಯ ಹೊಲದ ಬದುವಿನಲ್ಲಿ ಇದ್ದದ್ದಂತೆ, ಅದನ್ನು ಕಡಿದು ನಾಮಕರಣ ಮಾಡಿಸುತ್ತೀರಾ ಎಂದೂ ಕೇಳಿದರು. ಪುಟ್ಟಸ್ವಾಮಿ ಆಂ, ಆಂ ಎಂದರು. ಅದು ಹೌದೋ ಅಲ್ಲವೋ ಯಾರಿಗೂ ತಿಳಿಯುವಂತಿರಲಿಲ್ಲ. ಡಾಕ್ಟರು ಹೆಂಡತಿಯ ಮುಖ ನೋಡುತ್ತ, ಮುಗಿದುಹೋದ ಕೆಲಸವನ್ನೇ ಮತ್ತೆ ಮತ್ತೆ ಮಾಡುತ್ತಿದ್ದರು.

ಬಾಯಿ ಮುಕ್ಕಳಿಸಿದ ಮೇಲೆ ಪುಟ್ಟಸ್ವಾಮಿ, ಜೋಮು ಹಿಡಿದ ತುಟಿಯಲ್ಲೇ, "ಹುಣಸೆಮರದ್ ಇಸ್ಯ ನೀವೇಳ್ಬಾರ್ದಿತ್ತು ಮಿಸ್ಸೇ" ಎಂದರು. ಕೆನ್ನೆ ಹಿಡಿದುಕೊಂಡೇ, ಟ್ಯಾಂಕಿನ ಪಕ್ಕದ ಜಾಗ ಎಷ್ಟು ಅಗಲ ಇದೆ ಎಂದು ಕೇಳಿದರು. ಈಗ ಅಲ್ಲೇ ಭವನವಿದೆ. ಉದ್ಘಾಟನೆಯ ದಿನ ಹೆಡ್‌ಮಿಸ್ಸು ವೇದಿಕೆಯ ಮೇಲಿದ್ದರು. ಅತಿ ಜೋರಾಗಿ ಚಪ್ಪಾಳೆ ತಟ್ಟಿದವರು ನಾಗರಾಜ; ಟ್ಯಾಂಕು ಅವರ ಕಿಟಕಿಯಿಂದ ಬಹಳ ದೂರ. ಪುಟ್ಟಸ್ವಾಮಿ ಹಲ್ಲು ತೋರಿಸಿಹೋದ ಆ ದಿನ ಕ್ಲಿನಿಕ್ಕಿನಲ್ಲಿ ಕ್ಯಾರಿಯರು ತೆರೆದಾಗ ಮೇಲಿನ ಬಟ್ಟಲಲ್ಲಿ ಅನ್ನ, ಕೆಳಗಿನದರಲ್ಲಿ ಬದನೆಕಾಯಿ ಹುಳಿ ಇತ್ತು. ಡಾಕ್ಟರು ಮುಚ್ಚಳ ಹಿಡಿದುಕೊಂಡು ಬಹಳ ಹೊತ್ತು ನೋಡಿದರು.

ಅದಾಗಿ ಕೆಲವು ವರ್ಷ ಅವರು ಹಾಗೇ ಹಲ್ಲೂ ನಾಣ್ಯವೂ ನೋಡಿಕೊಂಡಿದ್ದರು. ಕೈ ನಡುಗಲು ಶುರುವಾದಾಗ ಹಲ್ಲು ಬಿಟ್ಟರು, ನಾಣ್ಯ ಬಿಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ಹೆಚ್ಚು ಕಾಯಿಲೆ ಬೀಳದೆ, ಹೋಗಿಬಿಟ್ಟರು.

ಹೋದ ವಾರ ಸಂಜೆ ನಾನೂ ಹೆಡ್‌ಮಿಸ್ಸೂ ಪಾರ್ಕಿನಲ್ಲಿ ಕೂತಿದ್ದೆವು. ಆ ಭಾನುವಾರದ ಮಾತು ಬಂತು. ಬಿಲ್ಲೆ ಉಪ್ಪಿಟ್ಟಿಗೆ ಬಿದ್ದದ್ದನ್ನು ನೆನೆದು ಇಬ್ಬರೂ ನಕ್ಕೆವು. ಡಾಕ್ಟರು ಎದ್ದು ಹೋಗದಿದ್ದರೆ ಆವತ್ತು ಅಷ್ಟು ಜನರಲ್ಲಿ ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ ಅಲ್ಲವೇ ಎಂದೆ.

ಆಕೆ ನಗುವುದನ್ನು ನಿಲ್ಲಿಸಿದರು. ಜೋಕಾಲಿಯಲ್ಲಿ ಆಡುತ್ತಿದ್ದ ಮಕ್ಕಳ ಕಡೆ ನೋಡುತ್ತ, "ನಂಗೆ ಗೊತ್ತಾಗಿತ್ತು ಕಣಮ್ಮ" ಎಂದರು.

ನಾನು ಆಕೆಯ ಕಡೆ ತಿರುಗಿದೆ.

"ಮದುವೆ ಆದಾಗಿಂದ ಅಡುಗೆಮನೆ ಕಟ್ಟೆ ಮೇಲೆ ನಾಣ್ಯ ಬೀಳಿಸಿ ಬೀಳಿಸಿ ನನ್ನ ಕಿವೀನೂ ಅವರ ಕಿವಿ ಥರಾನೇ ಮಾಡಿಟ್ಟಿದ್ರು. ಕಲ್ಲಿಗೆ ಬಿದ್ದ ತಕ್ಷಣ ಗೊತ್ತಾಯ್ತು. ಪಾರ್ಕು ಉಳೀತಲ್ಲ ಅಂತ ಹಾರಕ್ಕೆ ತಲೆ ಬಗ್ಗಿಸ್ದೆ. ತಲೆ ಎತ್ತಿ ನೋಡಿದ್ರೆ ಅವರು ಅಲ್ಲಿಂದ ನನ್ನೇ ನೋಡ್ತಿದ್ರು. ಎದ್ದಿದ್ದು ಆಮೇಲೆ."

ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ಮನೆಗೆ ಹೋದ್ಮೇಲೆ, ನಿಂಗೂ ಗೊತ್ತಾಗಿತ್ತಾ ಅಂತ ಕೇಳ್ತಾರೆ ಅನ್ಕೊಂಡಿದ್ದೆ. ನಾನು ಮಾತು ಬಿಟ್ಟಿದ್ದು ಸಿಟ್ಟಿಗಲ್ಲ, ಅವರು ಕೇಳೋಕೆ ಜಾಗ ಕೊಡಬಾರ್ದು ಅಂತ. ಮಾತು ಶುರುವಾದ್ಮೇಲೆ ದಿನಾ ಕಾದೆ, ಇವತ್ತು ಕೇಳ್ತಾರೆ, ನಾಳೆ ಕೇಳ್ತಾರೆ ಅಂತ. ಅವರಿಗೆ ಗೊತ್ತಿತ್ತು. ಸಾಯೋವರೆಗೂ ಒಂದು ದಿನಾನೂ ಕೇಳ್ಲಿಲ್ಲ ಕಣಮ್ಮ."